ನೀರುತೆಂಗಿನ ಉಂಗುರ

ಖೋಯ್ ಕೊರಿಯಾದ ಒಬ್ಬ ಪ್ರವಾಸಿ ಹೆಂಗಸಿನ ಬೆರಳಿಗೆ ಕಾಲುವೆಯಂಚಿನ ನೀರುತೆಂಗಿನ ಗರಿಯ ಉಂಗುರ ತೊಡಿಸುವಾಗ ನಾನು ಪಕ್ಕದಲ್ಲೇ ನನ್ನ ಬುಟ್ಟಿದೋಣಿಯಲ್ಲಿ ಇದ್ದೆ. ದೋಣಿ ಹತ್ತಿದ ಹೆಂಗಸರಿಗೆ ಗರಿಯಲ್ಲಿ ಉಂಗುರ ಹೆಣೆದು ಕೊಡುವುದು ಹೊಯ್ ಆನ್ ಪಟ್ಟಣದ ಪಕ್ಕದ ನಮ್ಮ ಕಾಲುವೆಯ ರೂಢಿ. ಕೊಟ್ಟರೆ ಸಾಕು. ಇವನು ಒರೆಸಿ, ಊದಿ, ಬೆರಳು ಹಿಡಿದು ತೊಡಿಸಿದ.

ಅವರ ಬಸ್ಸು ಹೋದ ಮೇಲೆ ಕೇಳಿದೆ, "ಅಷ್ಟು ಹೊತ್ತು ಬೇಕಾ ಒಂದು ಉಂಗುರಕ್ಕೆ?"

"ಬೆರಳು ದಪ್ಪ ಇತ್ತು."

"ಬೆರಳು ದಪ್ಪ, ನಗು ತೆಳ್ಳಗೆ. ಎಲ್ಲಾ ನೋಡಿದೀನಿ ಬಿಡು ಮಾರಾಯ."

ಅವನು ಟೋಪಿಯ ನೆರಳಲ್ಲೇ ನಕ್ಕ. ನಾನು ಹುಟ್ಟನ್ನು ದೋಣಿಯೊಳಗೆ ಎಸೆದೆ.

ನಮ್ಮಿಬ್ಬರಿಗೂ ತಲೆ ನರೆತಿತ್ತು. ಅವನ ಹೆಂಡತಿ ತೀರಿಕೊಂಡಿದ್ದಳು, ನನ್ನ ಗಂಡ ಕಡಲಿನಿಂದ ಮರಳಿರಲಿಲ್ಲ. ಮೊದಮೊದಲು ಕೊರಿಯಾದವರ ಬಸ್ಸು ಎಲ್ಲೋ ಒಂದು ಬರುತ್ತಿತ್ತು. ಆಮೇಲೆ ಬೆಳಗಾದರೆ ಬಸ್ಸಿನ ಸಾಲು. ಅಂಗಡಿ ಬೋರ್ಡಿನಲ್ಲಿ ಅವರ ಅಕ್ಷರ, ಸ್ಪೀಕರಿನಲ್ಲಿ ಅವರ ಹಾಡು. ಮೀನು ಹಿಡಿಯುತ್ತಿದ್ದ ನಾವೆಲ್ಲ ಅವರ ಮೋಜಿಗೆ ದೋಣಿಯನ್ನು ಬುಗುರಿಯಂತೆ ತಿರುಗಿಸಲು ಕಲಿತೆವು. ಉಂಗುರ ತೊಡಿಸಿಕೊಂಡ ಆ ಹೆಂಗಸು ಪ್ರತಿ ವಸಂತದಲ್ಲೂ ಕೆಂಪು ಛತ್ರಿ ಹಿಡಿದು ಬಂದು ಖೋಯ್‌ನ ದೋಣಿಯನ್ನೇ ಕೇಳುತ್ತಿದ್ದಳು.

ಒಂದು ವರ್ಷ ಬಸ್ಸುಗಳು ಬೇರೆ ಊರಿನ ಕಡೆ ತಿರುಗಿದವು. ಛತ್ರಿಯೂ ಕಾಣಲಿಲ್ಲ. ಖೋಯ್ ದಡದಲ್ಲಿ ಕೂತು ಉಂಗುರ ಹೆಣೆಯುವನು, ನೋಡುವನು, ನೀರಿಗೆ ಎಸೆಯುವನು. ನನಗೆ ತಡೆಯಲಾಗಲಿಲ್ಲ.

"ಬರದೇ ಇರೋಳಿಗೆ ಎಷ್ಟು ಅಂತ ಹೆಣೀತೀಯ?"

"ಯಾರಿಗೆ?"

"ಕೆಂಪು ಛತ್ರಿಗೆ."

"ಅವಳಿಗಾ? ಹೋದ ಸಲ ಅವಳ ಗಂಡ ನನ್ನ ದೋಣೀಲಿ ವಾಂತಿ ಮಾಡ್ಕೊಂಡ. ಆ ನಾಚಿಕೆಗೇ ಬಂದಿಲ್ಲವೇನೋ."

ನಾನು ನಗಲಿಲ್ಲ. "ಊರಿಗೆಲ್ಲ ಉಂಗುರ ಹಂಚಿದೆ. ಪಕ್ಕದ ದೋಣಿಯೋಳು ಕಣ್ಣಿಗೇ ಬೀಳಲಿಲ್ಲ." ಬಾಯಿ ತಪ್ಪಿ ಬಂದುಬಿಟ್ಟಿತು.

ಅವನು ಕೈಯಲ್ಲಿದ್ದ ಗರಿಯನ್ನು ಬಿಚ್ಚಿದ. "ಇದು ಸಂಜೆಗೆ ಬಾಡುತ್ತೆ, ಥೋವಾ. ನಿನಗೇ ಅಂತ ಹೆಣೀತೀನಿ, ಬಾಡೋದನ್ನ ಕೊಡೋಕೆ ಮನಸ್ಸು ಬರಲ್ಲ. ಎಸೀತೀನಿ."

ಮರುದಿನ ಬೆಳಗ್ಗೆ ಇಸ್ತ್ರಿ ಅಂಗಿ ತೊಟ್ಟು ನನ್ನ ಬಾಗಿಲಿಗೆ ಬಂದ. ಕೈಯಲ್ಲಿ ಕೆಂಪು ಬಟ್ಟೆ ಮುಚ್ಚಿದ ತಟ್ಟೆ. ಬಟ್ಟೆ ಸರಿಸಿದರೆ ವೀಳ್ಯದೆಲೆ, ಅಡಿಕೆ. ಹೆಣ್ಣು ಕೇಳಲು ಬರುವವರು ನಮ್ಮಲ್ಲಿ ತರುವುದು ಅದನ್ನೇ.

"ಇಷ್ಟು ವರ್ಷ ಏನು ಮಾಡ್ತಿದ್ದೆ?" ಅಂದೆ.

"ನಿನ್ನ ದೋಣಿ ದಡಕ್ಕೆ ಬರೋ ಹೊತ್ತಿಗೆ ನಂದು ಹೊರಟಿರ್ತಿತ್ತು. ಬಸ್ಸು ನಿಂತ ಮೇಲಲ್ವಾ ಕೂತು ಯೋಚನೆ ಮಾಡೋಕೆ ಬಿಡುವಾಗಿದ್ದು?"

"ಬಸ್ಸು ಮತ್ತೆ ಬಂದ್ರೆ?"

"ಆಗ ನೀನು ಹೇಳಿದ ಹಾಗೆ ಕೇಳ್ತೀನಿ."

ನಾನು ಒಂದು ಅಡಿಕೆ ಹೋಳು ತೆಗೆದು ಬಾಯಿಗೆ ಹಾಕಿಕೊಂಡೆ.

ಬಸ್ಸುಗಳು ಮತ್ತೆ ಬಂದವು. ಕೆಂಪು ಛತ್ರಿಯೂ ಬಂತು. ಈಗ ನಮ್ಮಿಬ್ಬರದು ಒಂದೇ ದೋಣಿ. ಖೋಯ್ ಹುಟ್ಟು ಹಾಕುತ್ತಾನೆ, ಹಾಡುತ್ತಾನೆ. ಅಷ್ಟಕ್ಕೆ ನಾನು ಬಿಟ್ಟಿದ್ದೇನೆ. ಉಂಗುರ ಹೆಣೆಯುವುದೂ, ಬೆರಳು ಹಿಡಿದು ತೊಡಿಸುವುದೂ ನಾನೇ.