ಕಲ್ಲುದಿಣ್ಣೆಯ ಸಿಹಿದ್ರಾಕ್ಷಿ

ಈ ಕತೆಯನ್ನು ನಾನು ಚೆನ್ನಾಗಿ ಹೇಳಲಾರೆ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಅರ್ಥವಾಗದೆ ಹೋದೀತೆಂಬ ಹೆದರಿಕೆಗೆ ಅಲ್ಲಲ್ಲಿ ನಿಂತು ವಿವರಿಸುತ್ತೇನೆ, ಸಹಿಸಿಕೊಳ್ಳಿ. ಚಿಕ್ಕಮ್ಮ ಊಟಕ್ಕೆ ಕರೆಯುವುದರೊಳಗೆ ಮುಗಿಸಬೇಕು.

ಬಹಳ ಕಾಲದ ಹಿಂದೆ, ಬೆಟ್ಟಗಳಾಚೆ ಸೋಪಾನಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ಪದ್ಮರಥ. ಅವನ ತಂಗಿ ಮಂದಾರಿ. ತಾಯಿಯಿಲ್ಲದ ತಂಗಿಯನ್ನು ಅವನೇ ತುತ್ತಿಟ್ಟು ಬೆಳೆಸಿದ್ದ. ಅವಳು ಸಾಕೆಂದರೂ "ಇನ್ನೊಂದು ತುತ್ತು" ಎನ್ನುವ ಅಣ್ಣ ಅವನು.

ಒಂದು ದಿನ ಕುಟಿಲಜಟನೆಂಬ ಮಾಂತ್ರಿಕ ಬಂದು, "ಮಂದಾರಿಯನ್ನು ನನಗೆ ಮದುವೆ ಮಾಡಿಕೊಡಿ" ಎಂದ.

"ಜಡೆ ತೊಳೆದು ಎಷ್ಟು ಕಾಲವಾಯಿತು, ಸ್ವಾಮಿ?" ಎಂದು ಮಂದಾರಿ ಕೇಳಿಬಿಟ್ಟಳು. ಸಭೆಯೆಲ್ಲ ನಕ್ಕಿತು. ಮಾಂತ್ರಿಕ ಸಿಟ್ಟಿನಿಂದ ಮಂತ್ರ ಹಾಕಿದ. ಅವಳು ದ್ರಾಕ್ಷಿಯ ಕಡ್ಡಿಯಾದಳು. ಕಡ್ಡಿಯೆಂದರೆ ಒಲೆಗಿಡುವ ಕಡ್ಡಿಯಲ್ಲ. ದ್ರಾಕ್ಷಿತೋಟದವರು ಬೀಜ ಬಿತ್ತುವುದಿಲ್ಲ, ಬಳ್ಳಿಯ ತುಂಡನ್ನು ನೆಡುತ್ತಾರೆ. ಆ ತುಂಡು.

"ಇವಳನ್ನು ಮೂರು ಸಲ ನೆಡಬಹುದು" ಎಂದ ಮಾಂತ್ರಿಕ. "ಬೆಳಗ್ಗೆ ನೆಟ್ಟರೆ ಸಂಜೆಗೆ ಹಣ್ಣು. ಅದು ನನ್ನ ನಾಲಿಗೆಯನ್ನು ಸಿಹಿ ಮಾಡಿದರೆ ಶಾಪ ಹೋಯಿತು. ಇಲ್ಲವಾದರೆ ಇವಳು ಎಂದೆಂದಿಗೂ ನನ್ನ ಅಂಗಳದ ಬಳ್ಳಿ."

ಅವನಿಗೆ ಅಷ್ಟು ಧೈರ್ಯವೇಕೆಂದರೆ, ಶಾಪ ಹಾಕಿ ಹಾಕಿ ಅವನ ನಾಲಿಗೆ ಬೇವಿನಂತಾಗಿತ್ತು. ಜೇನು ಸುರಿದರೂ ಸಿಹಿ ತಾಗುತ್ತಿರಲಿಲ್ಲ. ಆ ಕಹಿಗೇ ಅವನ ಮಂತ್ರಗಳು ಅಂಟಿಕೊಂಡಿದ್ದವು.

ಪದ್ಮರಥ ತಂಗಿಗೆ ಏನೂ ಕಡಿಮೆಯಾಗಬಾರದೆಂದು ಹೊಳೆದಂಡೆಯ ಕಪ್ಪುಮಣ್ಣಿನಲ್ಲಿ ನೆಟ್ಟ. ಗಾಡಿಗಟ್ಟಲೆ ಗೊಬ್ಬರ ಹಾಕಿದ. ಕಾಲುವೆಯನ್ನೇ ತಿರುಗಿಸಿದ. ಬಳ್ಳಿ ಆನೆಕಿವಿಯಂಥ ಎಲೆ ಬಿಟ್ಟು ಚಪ್ಪರ ಮುಚ್ಚಿತು. ಗೊಂಚಲುಗಳೂ ದೊಡ್ಡವೇ. ಮಾಂತ್ರಿಕ ಒಂದು ಹಣ್ಣು ಬಾಯಿಗೆ ಹಾಕಿ ಉಗುಳಿದ. "ಬೆಲ್ಲ ಮರೆತ ಪಾನಕ!"

ಎಲೆಗಳ ನಡುವಿನಿಂದ ಮಂದಾರಿ ಹೇಳಿದಳು: "ಅಣ್ಣಾ, ಕೂತಲ್ಲಿಗೇ ಊಟ ಬಂತು. ಬೇರು ಇಳಿಸಿ ನಾನೇನು ಹುಡುಕಲಿ? ಎಲೆ ಬಿಡುವುದರಲ್ಲೇ ಹೊತ್ತು ಹೋಯಿತು."

ರಾತ್ರಿಗೆ ಬಳ್ಳಿ ಮತ್ತೆ ಕಡ್ಡಿಯಾಯಿತು. ಎರಡನೆಯ ಸಲ ಕೆರೆಯ ತಗ್ಗಿನಲ್ಲಿ ಹಿಟ್ಟಿನಂತೆ ಬೆಳ್ಳಗೆ ಹೊಳೆಯುವ ಮಣ್ಣು ಕಂಡು, ಇದು ಶುದ್ಧವಾದದ್ದೆಂದು ನಂಬಿ ಅಲ್ಲಿ ನೆಟ್ಟ. ಅದು ಚೌಳು, ಅಂದರೆ ಉಪ್ಪು ಮೇಲೆದ್ದ ನೆಲ. ಎಲೆಯ ಅಂಚು ಸುಟ್ಟಂತೆ ಒಣಗಿತು. ಸಿಕ್ಕ ನಾಲ್ಕು ಕಾಯಿ ಹುಣಸೆಗಿಂತ ಹುಳಿ.

"ಅಣ್ಣಾ, ಕುಡಿದಷ್ಟೂ ಬಾಯಾರಿಕೆ" ಎಂದಳು ಮಂದಾರಿ.

ಉಳಿದದ್ದು ಒಂದೇ ಸಲ. ಪದ್ಮರಥ ಕಡ್ಡಿಯನ್ನೂ ಒಂದು ಕೊಡ ನೀರನ್ನೂ ಹೊತ್ತು ಕೆಂಪು ಕಲ್ಲುದಿಣ್ಣೆ ಹತ್ತಿದ. ಅಲ್ಲಿ ಆನೆಗಾತ್ರದ ಮುಳ್ಳುಹಂದಿ ಅಡ್ಡ ನಿಂತಿತ್ತು.

"ನಾನೇ ಬಿಲ ತೋಡಲಾರದ ನೆಲವಿದು. ಯಾರನ್ನು ಕೊಲ್ಲಲು ತಂದೆ?"

"ಬದುಕಿಸಲು ತಂದೆ. ಕೊಬ್ಬಿದ ನೆಲದಲ್ಲಿ ಅವಳ ಬೇರು ಸೋಮಾರಿಯಾಯಿತು, ಉಪ್ಪುನೆಲದಲ್ಲಿ ಸುಟ್ಟಿತು. ಇಲ್ಲಿ ನೀರು ನಿಲ್ಲುವುದಿಲ್ಲ, ಉಪ್ಪೂ ಉಳಿದಿರಲಾರದು. ಒಂದು ಬಿರುಕು ಮಾಡಿಕೊಡು, ಮಹರಾಯ."

ಮುಳ್ಳುಹಂದಿ ಮೈ ಕೊಡವಿತು. ಮುಳ್ಳುಗಳು ನಾಟಿದಲ್ಲೆಲ್ಲ ಕಲ್ಲು ಬಿರಿಯಿತು. ಪದ್ಮರಥ ಅಲ್ಲಿ ಕಡ್ಡಿ ನೆಟ್ಟು, ಚಿಗುರುವಷ್ಟೇ ನೀರು ಹಾಕಿ ಕೂತ.

ಬಿಸಿಲೇರಿತು. "ಅಣ್ಣಾ, ನೀರು."

ಅವನ ಕೈ ಕೊಡದತ್ತ ಹೋಯಿತು. ಹಿಂದೆ ಬಂತು. "ಕೆಳಗೆ ಹುಡುಕು, ಮಂದಾರಿ."

"ಬರೀ ಕಲ್ಲು!"

"ಕಲ್ಲಿನ ಸಂದಿಯಲ್ಲಿ ಹುಡುಕು."

"ನೀನೂ ಒಬ್ಬ ಅಣ್ಣನೇ?"

ಪದ್ಮರಥ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಅತ್ತ. ಯಾವ ರಾಕ್ಷಸನೊಡನೆ ಕಾದಾಡುವುದೂ ಇದಕ್ಕಿಂತ ಸುಲಭವಿತ್ತು. ಆಮೇಲೆ ಅವಳ ದನಿಯೂ ನಿಂತಿತು. ಸತ್ತೇಹೋದಳೇನೋ ಎಂದು ಅವನು ಕೊಡ ಎತ್ತಿದ.

"ತಡಿ, ಅಣ್ಣಾ" ಎಂದು ನೆಲದೊಳಗಿಂದ ಕೇಳಿಸಿತು. "ಸಿಕ್ಕಿತು. ಆಳದಲ್ಲಿ ತಣ್ಣಗಿದೆ."

ಅವನಿಗೆ ಹೋದ ಜೀವ ಬಂದಂತಾಯಿತು.

ಸಂಜೆಗೆ ಹಿಡಿಯಷ್ಟೇ ಎಲೆ, ಒಂದು ಗೊಂಚಲು. ಕಪ್ಪಗಿನ ಪುಟ್ಟ ಹಣ್ಣು, ದಪ್ಪ ಸಿಪ್ಪೆ. "ಇದೇನು, ಮೆಣಸಿನ ಕಾಳೇ?" ಎಂದು ನಗುತ್ತಾ ಮಾಂತ್ರಿಕ ಒಂದನ್ನು ಕಚ್ಚಿದ. ನಗು ನಿಂತಿತು. ಕಣ್ಣಲ್ಲಿ ನೀರು ಬಂತು. ಮಂತ್ರ ಹೇಳಲು ಬಾಯಿ ತೆರೆದರೆ "ಆಹಾ" ಎಂಬುದೊಂದೇ ಹೊರಟಿತು. ಕಹಿ ಕರಗಿ ಮಂತ್ರಗಳೆಲ್ಲ ಉದುರಿಹೋಗಿದ್ದವು.

ಅವನದೇ ಹಳೆಯ ಶಾಪದಿಂದ ಮುಳ್ಳುಹಂದಿಯಾಗಿದ್ದ ನೆರೆರಾಜ್ಯದ ಸೇನಾಪತಿ ಮನುಷ್ಯನಾಗಿ ಎದ್ದು ಬೆನ್ನು ಸವರಿಕೊಂಡ. ಮಂದಾರಿ ಕಾಲಿನ ಕೆಂಪುಮಣ್ಣು ಒದರಿ, ಅಣ್ಣನ ಕೈಯಿಂದ ಕೊಡ ಕಿತ್ತುಕೊಂಡು ಗಟಗಟ ಕುಡಿದಳು.

"ಈಗ ಊಟ ಹಾಕು" ಎಂದಳು. "ಸಾಕೆಂದಾಗ ನಿಲ್ಲಿಸು, ಅಷ್ಟೇ."

"ಆಗಲಿ ತಾಯೀ" ಎಂದು ಪದ್ಮರಥ ಅಳುತ್ತಲೇ ನಕ್ಕ. ಅಂದಿನಿಂದ ಸೋಪಾನಗಿರಿಯವರೆಲ್ಲ ನೆಮ್ಮದಿಯಿಂದ ಉಂಡು ಮಲಗಿದರು. ಕುಟಿಲಜಟನೂ ಜಡೆ ತೊಳೆದುಕೊಂಡ.

ಒಂದು ಮಾತು ಬಿಟ್ಟುಹೋಯಿತು. ಎಲ್ಲ ಕಲ್ಲುನೆಲವೂ ದ್ರಾಕ್ಷಿಗೆ ಆಗುತ್ತದೆಂದು ತಿಳಿಯಬೇಡಿ. ಅಡಿಯಲ್ಲೆಲ್ಲೋ ಒಂದಿಷ್ಟು ತೇವ ಇರಲೇಬೇಕು. ಅದು ಇದೆಯೋ ಇಲ್ಲವೋ ನೋಡುವುದು ಹೇಗೆಂದರೆ, ಮೊದಲು ಮೊಣಕಾಲುದ್ದ ಗುಣಿ ತೋಡಿ, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು— ಬಂದೆ ಚಿಕ್ಕಮ್ಮಾ, ಬಂದೆ!