ಟ್ಯಾಂಕರ್‌ಗಳು ಹೊರಡದ ಶುಕ್ರವಾರ

ಜನವರಿ ಹದಿನೇಳರ ಶುಕ್ರವಾರ, ಬೆಳಗಿನ ಆರೂವರೆಗೆ ಸೇಂಟ್ ಕ್ಲೇರ್ ಠಾಣೆಗೆ ಫೋನು ಬಂತು. ಮನೆಗಳನ್ನು ಬೆಚ್ಚಗಿಡುವ ಫರ್ನೇಸಿಗೆ ಎಣ್ಣೆ ಪೂರೈಸುವ ಕಂಪನಿಯ ಸ್ಥಳೀಯ ಶಾಖೆಯ ಮ್ಯಾನೇಜರ್ ಗಿಲ್ಮನ್ ಥಿಬೊಡೊ ಮಾತಾಡುತ್ತಿದ್ದ. ರಾತ್ರಿ ಯಾರೋ ಶಾಖೆಯ ಅಂಗಳಕ್ಕೆ ನುಗ್ಗಿದ್ದಾರೆ, ಮೂರೂ ಟ್ಯಾಂಕರ್‌ಗಳ ಬ್ರೇಕಿನ ಗಾಳಿ ಪೈಪುಗಳನ್ನು ಕತ್ತರಿಸಿ ಹೋಗಿದ್ದಾರೆ ಎಂಬುದು ದೂರು. ಡ್ಯೂಟಿಯಲ್ಲಿದ್ದ ಕಾನ್‌ಸ್ಟೇಬಲ್ ಡ್ವೇನ್ ಹ್ಯಾಸ್ಕೆಲ್ ಅದನ್ನು ಬರೆದುಕೊಂಡು ಸಾರ್ಜೆಂಟ್ ಲೂಸಿ ಮಿಶೋಳನ್ನು ಎಬ್ಬಿಸಿದ.

"ಇವತ್ತೇ ಬೇಕಿತ್ತಾ ಇದು?" ಎಂದಳು ಲೂಸಿ. ಹೊರಗೆ ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿತ್ತು. ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿ ಬರುತ್ತದೆಂದು ಅಮೆರಿಕದ ಮೇನ್ ರಾಜ್ಯದ ಉತ್ತರಕ್ಕೆಲ್ಲ ಎಚ್ಚರಿಕೆ ಕೊಟ್ಟಾಗಿತ್ತು. ಇಂಥ ದಿನ ಎಣ್ಣೆ ಬರಲಿಲ್ಲವೆಂದರೆ ಈ ಊರಲ್ಲಿ ಅದು ಬರೀ ಆಸ್ತಿಹಾನಿಯ ಕೇಸಾಗಿ ಉಳಿಯುವುದಿಲ್ಲ.

ಸ್ಥಳ ಮಹಜರು ನಡೆಯಿತು. ಗೇಟಿನ ಬೀಗ ಮುರಿದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಬೆಳಗಿನ ಕೆಲಸಕ್ಕೆ ಬಂದ ಚಾಲಕರು ಓಡಾಡಿ ಹೆಜ್ಜೆ ಗುರುತುಗಳನ್ನೆಲ್ಲ ತುಳಿದುಬಿಟ್ಟಿದ್ದರು. ಪೈಪುಗಳನ್ನು ಮಾತ್ರ ಒಂದೇ ಏಟಿಗೆ ನೀಟಾಗಿ ಕತ್ತರಿಸಲಾಗಿತ್ತು. ಲೂಸಿ ಮಂಡಿಯೂರಿ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಗಂಡ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಗಾಳಿ ಬ್ರೇಕಿನ ವಿಷಯ ಅವಳಿಗೆ ಹೊಸದಲ್ಲ.

"ಡ್ವೇನ್, ಇದನ್ನ ಕತ್ತರಿಸಿದ್ರೆ ಗಾಡಿ ಏನಾಗುತ್ತೆ ಹೇಳು."

"ಬ್ರೇಕ್ ಹಿಡಿಯಲ್ಲ. ಇಳಿಜಾರಲ್ಲಿ ಹೋಗಿ ನದಿಗೆ ಬೀಳುತ್ತೆ."

"ಅದು ನಿನ್ನ ಕಾರು. ಇದ್ರಲ್ಲಿ ಗಾಳಿ ಹೋದ್ರೆ ಚಕ್ರ ಕಚ್ಚಿಕೊಂಡು ನಿಂತುಬಿಡುತ್ತೆ. ಒಂದಿಂಚೂ ಅಲ್ಲಾಡಲ್ಲ. ಮಾಡಿದೋನಿಗೆ ಯಾರನ್ನೂ ಸಾಯಿಸೋದು ಬೇಕಿರಲಿಲ್ಲ. ಗಾಡಿ ಹೊರಡಬಾರದಿತ್ತು, ಅಷ್ಟೇ."

ಗಿಲ್ಮನ್ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಐವತ್ತು ದಾಟಿದ ಮನುಷ್ಯ. ಹತ್ತು ವರ್ಷ ಟ್ಯಾಂಕರ್ ಓಡಿಸಿ ಆಮೇಲೆ ಮ್ಯಾನೇಜರ್ ಆದವನು. ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾ, ಗಿಲ್?"

"ಇಲ್ಲ."

"ಕೀಲಿ ಯಾರ ಹತ್ರ ಇರುತ್ತೆ?"

"ಮೂವರು ಡ್ರೈವರ್‌ಗಳು, ಆಫೀಸಲ್ಲಿ ನೋರಾ, ನಾನು."

"ಅವರಲ್ಲಿ ಯಾರ ಮೇಲೂ ಇಲ್ವಾ?"

"ಇಲ್ಲ ಅಂದ್ನಲ್ಲ, ಲೂಸಿ."

ಲೂಸಿಗೆ ಅದೇ ವಿಚಿತ್ರ ಅನ್ನಿಸಿತು. ದೂರು ಕೊಡಲು ಬಂದವರ ಬಾಯಲ್ಲಿ ದೂರಿಗಿಂತ ಮೊದಲು ಒಂದು ಹೆಸರು ಬಂದಿರುತ್ತದೆ. ಅಳಿಯನೋ, ಪಕ್ಕದ ಮನೆಯವನೋ, ಯಾರೋ ಒಬ್ಬ. ಇವನು ಮಾತ್ರ ಯಾರ ಕಡೆಗೂ ಬೆರಳು ತೋರಿಸಲಿಲ್ಲ.

ಹೆಸರು ಬಂದದ್ದು ದಕ್ಷಿಣದಲ್ಲಿದ್ದ ಕಂಪನಿಯ ಮುಖ್ಯ ಕಚೇರಿಯಿಂದ. ಪ್ರಾದೇಶಿಕ ಅಧಿಕಾರಿ ಕೆಂಡ್ರಿಕ್ ಎಂಬಾತ ಸ್ಪೀಕರ್ ಫೋನಿನಲ್ಲಿ ಹಾರಾಡಿದ. "ವೇಡ್ ಬೂಷೆ! ಬೇರೆ ಯಾರು? ಆ ಮೆಮೊ ಬಂದಾಗಿನಿಂದ ನಂಗೆ ಗೊತ್ತಿತ್ತು ಇಂಥದ್ದೇನೋ ಆಗುತ್ತೆ ಅಂತ. ನಮ್ಮ ಮ್ಯಾನೇಜರ್ ಹೆಸರಲ್ಲಿ ಅವನೇ ಬರೆಸಿರೋದು. ಅವನನ್ನ ಇವತ್ತೇ ಕೆಲಸದಿಂದ ತೆಗೀತೀನಿ. ನೀವು ಹಿಡ್ಕೊಂಡು ಹೋಗಿ."

"ಯಾರನ್ನ ಹಿಡೀಬೇಕು ಅನ್ನೋದು ನಮ್ಮ ಕೆಲಸ ಸರ್," ಎಂದಳು ಲೂಸಿ. "ಯಾವ ಮೆಮೊ?"

ಗಿಲ್ಮನ್ ತಲೆ ಎತ್ತಲಿಲ್ಲ. ಅತ್ತ ಆರ್ಡರ್ ಬರೆದುಕೊಳ್ಳುವ ನೋರಾ ಡ್ಯುಬೆ ಎದ್ದು ಹೋಗಿ ಒಂದು ಪ್ರತಿ ತಂದುಕೊಟ್ಟಳು.

"ವಿಷಯ: ಶಾಖೆಯ ಸಿಬ್ಬಂದಿ ಕೊರತೆ ಮತ್ತು ಕೆಲಸದ ಹೊರೆ" ಎಂದಿತ್ತು. ಐವರು ಚಾಲಕರ ಕೆಲಸವನ್ನು ಶರತ್ಕಾಲದಿಂದ ಮೂವರು ಮಾಡುತ್ತಿದ್ದಾರೆ. ಬಿಟ್ಟುಹೋದ ಇಬ್ಬರ ಜಾಗ ತುಂಬಿಲ್ಲ. ವಾರದ ರಜೆ ಯಾರಿಗೂ ಸಿಕ್ಕಿಲ್ಲ. ಕೊನೆಯ ಪ್ಯಾರಾದಲ್ಲಿ ಹೀಗಿತ್ತು: "ಕಳೆದ ವಾರ ಒಬ್ಬ ಚಾಲಕರು ತುಂಬಿದ ಟ್ಯಾಂಕರ್ ಓಡಿಸುವಾಗಲೇ ನಿದ್ದೆಗೆ ಜಾರಿ, ನಿಂತಿದ್ದ ಶಾಲಾ ಬಸ್ಸಿನ ಹಿಂದೆ ಕೆಲವೇ ಅಡಿ ದೂರದಲ್ಲಿ ಎಚ್ಚೆತ್ತಿರುತ್ತಾರೆ. ಮುಂದಿನ ಸಲ ಎಚ್ಚರವಾಗುವುದೆಂಬ ಭರವಸೆಯನ್ನು ಈ ಶಾಖೆ ಕೊಡಲಾರದು."

"ಇದಕ್ಕೆ ಏನು ಉತ್ತರ ಬಂತು?"

"ಧಾಟಿ ಸರಿಯಿಲ್ಲ, ತಿದ್ದಿ ಕಳಿಸಿ ಅಂತ," ಎಂದಳು ನೋರಾ. "ತಿದ್ದಿ ಕಳಿಸಿದ್ರು. ಮತ್ತೆ ಅದೇ. ನಿನ್ನೆ ಇನ್ನೊಂದು ಆರ್ಡರ್ ಬಂತು. ಗಾಳಿ ಬೀಸಲಿ, ಹಿಮ ಬೀಳಲಿ, ಶುಕ್ರವಾರ ಮೂರೂ ಗಾಡಿ ರಸ್ತೇಲಿರಬೇಕು ಅಂತ."

ವೇಡ್ ಬೂಷೆಯನ್ನು ಠಾಣೆಗೆ ಕರೆಸಿದರು. ಮೂವರು ಚಾಲಕರಲ್ಲಿ ಒಬ್ಬ, ಮೂವತ್ತೆರಡರ ಗಟ್ಟಿ ಆಳು. ಕುರ್ಚಿ ತುಂಬಾ ಹರಡಿಕೊಂಡು ಕೂತ.

"ರಾತ್ರಿ ಎಲ್ಲಿದ್ದೆ?"

"ಹಾಸಿಗೇಲಿ. ಹೆಂಡ್ತೀನ ಕೇಳಿ. ಗೊರಕೆ ತಡೀಲಾರದೆ ಅವಳು ಸೋಫಾ ಮೇಲೆ ಮಲಗಿದ್ಲಂತೆ."

"ಮೆಮೊ ನೀನೇ ಬರೆಸಿದ್ದಂತೆ?"

"ನಾನಾ?" ವೇಡ್ ನಕ್ಕ. "ನಾನು ಬರೆಸಿದ್ರೆ ಅದ್ರಲ್ಲಿ ಕೆಂಡ್ರಿಕ್ ಸಾಹೇಬ್ರ ಅಮ್ಮನ ಹೆಸರೂ ಬರ್ತಿತ್ತು. ಗಿಲ್ ಒಳ್ಳೆ ಮನುಷ್ಯ, ಮರ್ಯಾದಸ್ಥ. ಹಂಗೇ ಬರೆದಿದ್ದಾನೆ. ಅದಕ್ಕೇ ಯಾರೂ ಓದಲಿಲ್ಲ."

"ಬಸ್ಸಿನ ಹಿಂದೆ ನಿದ್ದೆ ಹೋದೋನು ನೀನಾ?"

ವೇಡನ ನಗು ನಿಂತಿತು. "ಅಲ್ಲ. ಅರ್ಮಾಂಡ್ ಇರಬೇಕು ಅಂದ್ಕೊಂಡಿದ್ದೆ, ವಯಸ್ಸಾಗಿದೆ ಅಲ್ವಾ. ಕೇಳಿದ್ರೆ ನಾಚಿಕೆ ಪಡ್ತಾನೆ ಅಂತ ಸುಮ್ಮನಿದ್ದೆ."

ಡ್ವೇನ್ ಹೋಗಿ ಉಳಿದ ಇಬ್ಬರು ಚಾಲಕರನ್ನೂ ವಿಚಾರಿಸಿ ಬಂದ. ಅರ್ಮಾಂಡ್ ಅದು ವೇಡ್ ಅಂದುಕೊಂಡಿದ್ದ. ಮೂರನೆಯವನು ಅರ್ಮಾಂಡ್ ಅಂದುಕೊಂಡಿದ್ದ.

"ಯಾರೋ ಸುಳ್ಳು ಹೇಳ್ತಿದ್ದಾರೆ ಮೇಡಂ. ಲೈಸೆನ್ಸ್ ಹೋಗುತ್ತಲ್ಲ, ಅದಕ್ಕೆ."

"ಇರಬಹುದು," ಎಂದಳು ಲೂಸಿ. ಅವಳಿಗೆ ಅದು ಸುಳ್ಳೆನ್ನಿಸಲಿಲ್ಲ. ಮೂವರೂ ಇನ್ನೊಬ್ಬನನ್ನು ಕಾಪಾಡುವ ಧಾಟಿಯಲ್ಲೇ ಮಾತಾಡಿದ್ದರು.

ಮಧ್ಯಾಹ್ನ ಗಾಳಿ ಶುರುವಾಯಿತು. ಒಂದೂವರೆಗೆ ಆಂಬುಲೆನ್ಸಿನವರಿಂದ ಕರೆ ಬಂತು. ನದಿ ರಸ್ತೆಯ ಟ್ರೇಲರ್ ಮನೆಯೊಂದರಲ್ಲಿ ಎಣ್ಣೆ ಖಾಲಿಯಾಗಿ ಫರ್ನೇಸ್ ಆರಿತ್ತು. ಗಂಡ ಹೆಂಡತಿ ಹೊರಗೆ ಮಾಂಸ ಸುಡುವ ಇದ್ದಿಲಿನ ಗ್ರಿಲ್ಲನ್ನು ಒಳಗೆ ತಂದು ಹೊತ್ತಿಸಿ, ಚಳಿ ನುಗ್ಗದಂತೆ ಕಿಟಕಿಗಳಿಗೆ ಕಂಬಳಿ ತುರುಕಿದ್ದರು. ಹೊಗೆಯ ವಿಷಕ್ಕೆ ಹೆಂಡತಿ ಪ್ರಜ್ಞೆ ತಪ್ಪಿದ್ದಳು. ಗಂಡ ಮಗುವನ್ನೆತ್ತಿಕೊಂಡು ಹೇಗೋ ಬಾಗಿಲವರೆಗೆ ತೆವಳಿದ್ದ. ಮಗು ಉಸಿರಾಡುತ್ತಿತ್ತು. ತಾಯಿಯ ವಿಷಯ ಏನೂ ಹೇಳಲಾಗದೆಂದರು ವೈದ್ಯರು.

ಲೂಸಿ ಡ್ವೇನ್‌ನನ್ನು ಕರೆದುಕೊಂಡು ನೇರವಾಗಿ ಶಾಖೆಗೆ ಹೋದಳು. ಗಿಲ್ಮನ್ ಮೆಕ್ಯಾನಿಕ್‌ನನ್ನು ಕರೆತರಲು ಹೋಗಿದ್ದ. ನೋರಾ ಒಬ್ಬಳೇ ಇದ್ದಳು.

"ಇನ್ನು ಯಾರ್ಯಾರ ಮನೇಲಿ ಎಣ್ಣೆ ಮುಗಿಯೋ ಹಾಗಿದೆ ನೋರಾ? ಮುದುಕರು, ಕಾಯಿಲೆಯವರು, ಎಲ್ಲರ ಹೆಸರೂ ಹೇಳಿ. ನಾವೇ ಹೋಗಿ ಶಾಲೆಗೆ ಕರ್ಕೊಂಡು ಬರ್ತೀವಿ, ಅಲ್ಲಿ ಬೆಚ್ಚಗಿರುತ್ತೆ."

"ಅದೊಂದು ಪುಣ್ಯ. ಅವರಿಗೆಲ್ಲ ನಿನ್ನೇನೇ ತುಂಬಿ ಆಯ್ತು. ಡ್ಯಾನಿಸ್ ಅಜ್ಜಿ, ಆಕ್ಸಿಜನ್ ಮೇಲಿರೋ ರೋಲ್, ಎಲ್ಲರಿಗೂ. ಗಿಲ್ ತಾವೇ ಒಂದು ಗಾಡಿ ತಗೊಂಡು ಕತ್ತಲಾಗೋವರೆಗೂ ಸುತ್ತಿದ್ರು."

"ಅವರ ಸರದಿ ನಿನ್ನೆ ಇತ್ತಾ?"

"ಇಲ್ಲ, ಮುಂದಿನ ವಾರ. ಹಿಮಗಾಳಿ ಬರ್ತಿದೆ, ಮೊದಲೇ ಹಾಕಿಬಿಡೋಣ ಅಂದ್ರು."

"ಇವತ್ತು ಹೇಗೂ ಮೂರು ಗಾಡಿ ಹೊರಡೋದಿತ್ತಲ್ಲ ನೋರಾ. ನಿನ್ನೆ ಅಷ್ಟು ಆತುರ ಯಾಕೆ?"

ನೋರಾ ಎದುರಿಗಿದ್ದ ಆರ್ಡರ್ ಪುಸ್ತಕವನ್ನು ಮುಚ್ಚಿದಳು. ಅವಳ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ನದಿ ರಸ್ತೆಯ ಟ್ರೇಲರ್‌ಗೆ ಯಾಕೆ ಹೋಗಲಿಲ್ಲ?"

"ಅವರು ಹೊಸಬರು. ಸೋಮವಾರ ಬಂದಿದ್ದು. ಶುಕ್ರವಾರಕ್ಕೆ ಅಂತ ಆರ್ಡರ್ ತಗೊಂಡಿದ್ದು ನಾನು. ಗಿಲ್‌ಗೆ ಹೇಳಿರಲಿಲ್ಲ."

"ಗಿಲ್ ಈಚೆಗೆ ದಿನಾ ಗಾಡಿ ಓಡಿಸ್ತಿದ್ರಾ?"

"ದಿನಾ. ಹಗಲು ಆಫೀಸು, ಸಂಜೆ ಟ್ಯಾಂಕರ್. ಆಳಿಲ್ಲವಲ್ಲ."

ಮೂವರು ಚಾಲಕರೂ ಸುಳ್ಳು ಹೇಳಿರಲಿಲ್ಲ. ಮೆಮೊ ಹೇಳಿದ ಚಾಲಕ ನಾಲ್ಕನೆಯವನು. ಲೂಸಿ ತಾನೇ ಮ್ಯಾನೇಜರನ ಕೋಣೆಯಲ್ಲಿ ಕೂತು ಕಾದಳು.

ಗಿಲ್ಮನ್ ಒಳಗೆ ಬಂದು ಅವಳನ್ನು ನೋಡಿ, ಟೋಪಿಯ ಹಿಮ ಕೊಡವುತ್ತ ಬಾಗಿಲಲ್ಲೇ ನಿಂತ.

"ಕೂತ್ಕೊಳ್ಳಿ ಗಿಲ್. ಪೈಪು ಕತ್ತರಿಸಿದ್ದು ಎಲ್ಲಿದೆ?"

"ಏನು?"

"ಕಟರ್."

ಅವನು ಟೋಪಿಯನ್ನು ಬಾಗಿಲ ಮೊಳೆಗೆ ನೇತುಹಾಕಿದ.

"ಕೆಂಡ್ರಿಕ್ ವೇಡನ್ನ ಕೆಲಸದಿಂದ ತೆಗೆದಾಯ್ತು. ಗೊತ್ತಾ?"

"ಅದನ್ನ ನಾನು ಆಗೋಕೆ ಬಿಡಲ್ಲ."

"ಬೆಳಿಗ್ಗೆಯಿಂದ ಬಿಟ್ಟಿದ್ದೀರಲ್ಲ."

ಗಿಲ್ಮನ್ ಕುರ್ಚಿಗೆ ಕುಸಿದ. "ಒಂದು ದಿನ, ಲೂಸಿ. ಅವರು ಮೂವರೂ ಒಂದು ದಿನ ಮಲಗಲಿ ಅಂತ. ನಾನು ಹೊರಡಬೇಡಿ ಅಂದಿದ್ರೆ ನನ್ನನ್ನ ತೆಗೆದು ಬೇರೆಯವರ ಕೈಲಿ ಕಳಿಸ್ತಿದ್ರು. ಗಾಡೀನೇ ಅಲ್ಲಾಡದಿದ್ರೆ ಯಾರನ್ನ ಕಳಿಸ್ತಾರೆ? ಸಂಜೆ ನಿಮ್ಮ ಹತ್ರ ಬಂದು ಹೇಳಿಬಿಡೋಣ ಅಂತಿದ್ದೆ. ಯಾರಿಗೂ ತೊಂದರೆ ಆಗದ ಹಾಗೆ ಮಾಡಿದ್ದೆ. ಎಲ್ಲರ ಟ್ಯಾಂಕೂ ತುಂಬಿಸಿದ್ದೆ."

"ಎಲ್ಲರದೂ ಅಲ್ಲ."

ಟ್ರೇಲರಿನ ವಿಷಯ ಹೇಳಿದಳು. ಮೆತ್ತಗೆ ಹೇಳುವ ಪ್ರಯತ್ನವನ್ನೇನೂ ಮಾಡಲಿಲ್ಲ. ಗಿಲ್ಮನ್ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿ ಅವನ್ನೇ ನೋಡುತ್ತ ಕೂತ. "ಮಗು?" ಎಂದ.

"ಬದುಕಿದೆ. ತಾಯಿ ಇನ್ನೂ ಕಣ್ಣು ಬಿಟ್ಟಿಲ್ಲ."

ಅವನು ಎದ್ದು, ತನ್ನ ಪಿಕಪ್ಪಿನ ಸೀಟಿನಡಿಯಿಂದ ಕಟರ್ ತೆಗೆದುಕೊಟ್ಟ. ಡ್ವೇನ್ ಅದನ್ನು ಚೀಲಕ್ಕೆ ಹಾಕಿ ಸೀಲು ಮಾಡಿದ. ಸಂಜೆ ನಾಲ್ಕಕ್ಕೆ ದಸ್ತಗಿರಿ ದಾಖಲಾಯಿತು. ಅಂಗಳ ದಾಟುವಾಗ ವೇಡ್ ಅಡ್ಡ ಬಂದ. ವಿಷಯ ಅವನಿಗೆ ಆಗಲೇ ಮುಟ್ಟಿತ್ತು.

"ನಂಗೆ ಹೇಳಬಾರದಿತ್ತಾ ಗಿಲ್? ನಾವೇ ಮೂವರೂ ಕಾಯಿಲೆ ಅಂತ ಮನೇಲಿ ಕೂರ್ತಿದ್ವಲ್ಲ!"

ಗಿಲ್ಮನ್ ನಿಂತ. ಅದು ಅವನಿಗೆ ಹೊಳೆದೇ ಇರಲಿಲ್ಲವೆಂಬುದು ಮುಖದಲ್ಲಿ ಕಾಣಿಸಿತು.

ಟ್ರೇಲರಿನ ಹೆಣ್ಣುಮಗಳು ಮರುದಿನ ಕಣ್ಣು ತೆರೆದಳು. ಕೆಂಡ್ರಿಕ್ ವೇಡನನ್ನು ವಾಪಸು ಸೇರಿಸಿಕೊಳ್ಳಬೇಕಾಯಿತು. ಕ್ಷಮೆಯನ್ನೇನೂ ಕೇಳಲಿಲ್ಲ. ಶಾಖೆಗೆ ಹೊಸ ಮ್ಯಾನೇಜರ್ ಬಂದ. ಚಾಲಕರು ಮಾತ್ರ ಬರಲಿಲ್ಲ.

ಗಿಲ್ಮನ್‌ನ ಹೇಳಿಕೆ ಬರೆದುಕೊಳ್ಳುವಾಗ ಲೂಸಿ ಕೊನೆಗೆ ಕೇಳಿದ್ದಳು: "ಬಸ್ಸಿನ ಹಿಂದೆ ನಿದ್ದೆ ಹೋದೋನು ನಾನೇ ಅಂತ ಮೆಮೊದಲ್ಲಿ ಯಾಕೆ ಬರೆಯಲಿಲ್ಲ?"

"ಬರೆದಿದ್ರೆ ಲೈಸೆನ್ಸ್ ಹೋಗ್ತಿತ್ತು. ಆಮೇಲೆ ಸಂಜೆಯ ಮನೆಗಳಿಗೆ ಯಾರು ಹೋಗ್ತಿದ್ರು?"

ಅವನೇ ಮುಂದುವರಿಸಿದ.

"ಕಣ್ಣು ಬಿಟ್ಟಾಗ ಬಸ್ಸಿನ ಕೆಂಪು ದೀಪ ಗಾಡಿ ಮೂತಿಯ ಮುಂದೇನೇ ಇತ್ತು. ಹೇಗೆ ಬ್ರೇಕ್ ಒತ್ತಿದ್ನೋ ನಂಗೆ ಗೊತ್ತಿಲ್ಲ. ಬಸ್ಸಿನ ಹಿಂದಿನ ಗಾಜಲ್ಲಿ ಒಂದು ಹುಡುಗಿ, ಆರೇಳು ವರ್ಷ ಇರಬೇಕು, ಮಂಡಿಯೂರಿ ನನ್ನನ್ನೇ ನೋಡ್ತಿತ್ತು. ನಾನು ಆಟ ಆಡ್ತಿದ್ದೀನಿ ಅಂದ್ಕೊಂಡಿರಬೇಕು, ನಗ್ತಾ ಕೈ ಬೀಸಿತು."

"ನೀವು?"

"ನಾನೂ ಬೀಸಿದೆ," ಎಂದ ಗಿಲ್ಮನ್. "ಆಮೇಲಿಂದ ನಂಗೆ ನಿದ್ದೆ ಬಂದಿಲ್ಲ, ಲೂಸಿ. ಗಾಡಿ ಹತ್ತಿದಾಗ ಮಾತ್ರ ಬರುತ್ತೆ."

ಲೂಸಿ ಅದನ್ನೂ ಅವನ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡಳು.