ಬೆಳಗಿನ ಕಾಲು, ಸಂಜೆಯ ಕಾಲು

“ಏ ಕಡ್ಡಿ, ನಿಲ್ಲೇ! ಅಲ್ಲೇ ನಿಂತ್ಕೊ!”

ಮೈದಾನದ ಕಡೆಗೆ ಕುಂಟುತ್ತ ಹೊರಟಿದ್ದ ಕಡ್ಡಿ ಗಕ್ಕನೆ ನಿಂತಳು. ಕೂಗಿದ್ದು ರೇಡಿಯೋ, ಅವಳ ಜೀವದ ಗೆಳತಿ. ಬಾಯಿ ತೆರೆದರೆ ಮುಚ್ಚುವುದಿಲ್ಲ ಅಂತ ಅವಳಿಗೆ ಆ ಹೆಸರು. ಕಡ್ಡಿಗೆ ಯಾಕೆ ಆ ಹೆಸರು ಅಂತ ಅವಳನ್ನು ನೋಡಿದವರು ಯಾರೂ ಕೇಳುವುದಿಲ್ಲ.

“ಬೆಳಗ್ಗೆ ಎಡಗಾಲು ಕುಂಟ್ತಿದ್ದೆ. ಈಗ ಬಲಗಾಲು ಕುಂಟ್ತಿದೀಯ!”

ಕಡ್ಡಿ ಬಗ್ಗಿ ಕಾಲು ನೋಡಿಕೊಂಡಳು. ಹೌದಲ್ಲ!

“ಅದು... ನೋವು ಈ ಕಡೆ ಬಂತು.”

“ನೋವೇನು ಬಸ್ಸಾ, ಅತ್ತಿಂದಿತ್ತ ಓಡಾಡೋಕೆ?”

ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ರೇಡಿಯೋ ಮಾತ್ರ ನಗಲಿಲ್ಲ.

“ದಿನಾ ನಿನ್ನ ಬ್ಯಾಗ್ ಹೊತ್ಕೊಂಡು ಮೆಟ್ಟಿಲು ಹತ್ತೋಳು ನಾನು. ನನ್ನ ಹತ್ರಾನೇ ನಾಟಕನಾ? ನಾಳೆಯಿಂದ ನೀನೇ ಹೊತ್ಕೊ.” ಅಷ್ಟು ಹೇಳಿ ಅವಳು ಬಿರಬಿರನೆ ನಡೆದುಬಿಟ್ಟಳು.

ನಾಟಕ ಮಾಡಿದ್ದು ನಿಜ. ಆದರೆ ಪೂರ್ತಿ ನಾಟಕವಲ್ಲ. ತೊಡಕು ಇದ್ದದ್ದೇ ಅಲ್ಲಿ.

ಕಡ್ಡಿಯ ಎಡಮಂಡಿಗೆ ಸಂಧಿವಾತ. ಅದು ಅಜ್ಜ ಅಜ್ಜಿಯರಿಗೆ ಮಾತ್ರ ಬರುವ ಕಾಯಿಲೆ ಅಂತ ಅವಳೂ ಅಂದುಕೊಂಡಿದ್ದಳು. ಮಕ್ಕಳಿಗೂ ಬರುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. “ನಮ್ಮ ಮೈಯೊಳಗೆ ಕಾವಲುಗಾರರು ಇರ್ತಾರೆ ಪುಟ್ಟಾ. ರೋಗಾನ ಹೊಡೆದು ಓಡಿಸೋದು ಅವರ ಕೆಲಸ. ನಿನ್ನ ಕಾವಲುಗಾರರು ತಪ್ಪು ತಿಳ್ಕೊಂಡು ನಿನ್ನ ಮಂಡಿಗೇ ಹೊಡೀತಿದಾರೆ.”

“ಅಂದ್ರೆ ಬೇಲಿನೇ ಎದ್ದು ಹೊಲ ಮೇಯ್ದಂಗಾ?” ಅಂತ ಕಡ್ಡಿ ಕೇಳಿದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕಿದ್ದರು.

ವಾರಕ್ಕೊಂದು ಇಂಜೆಕ್ಷನ್, ದಿನಾ ಒಂದಿಷ್ಟು ವ್ಯಾಯಾಮ. ಆಟ ಬಿಡಬೇಕಾಗಿಲ್ಲ. ಆದರೆ ಈ ಕಾಯಿಲೆಗೆ ಒಂದು ಕೆಟ್ಟ ಚಾಳಿ ಇದೆ. ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ಮಂಡಿ ಬಿಗಿದುಕೊಂಡಿರುತ್ತದೆ. ಆಗ ಮೆಟ್ಟಿಲು ಹತ್ತುವುದೆಂದರೆ ಸಾಕು ಸಾಕಾಗುತ್ತದೆ. ಓಡಾಡುತ್ತಾ ಓಡಾಡುತ್ತಾ ಅದು ಸಡಿಲವಾಗುತ್ತದೆ. ಸಂಜೆ ಕಡ್ಡಿ ಗೋಲ್ ಮುಂದೆ ನಿಂತರೆ ಚೆಂಡು ಒಳಗೆ ಹೋಗುವುದೇ ಕಷ್ಟ.

ಹಿಂದಿನ ಬೆಂಚಿನ ಜುಟ್ಟಿನ ಹುಡುಗಿ ಹೋದ ವಾರ ಅಂದಿದ್ದಳು, “ಬೆಳಗ್ಗೆ ಅಜ್ಜಿ, ಸಂಜೆ ಜಿಂಕೆ! ಲೇಟಾಗಿ ಬರೋಕೆ ಒಳ್ಳೇ ಐಡಿಯಾ ಕಣೇ.”

ಕಡ್ಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾರೂ ನಂಬಲಿಲ್ಲ. ಹಾಗಾದರೆ ಇಡೀ ದಿನ ಕುಂಟುವುದೇ ವಾಸಿ ಅಂತ ತೀರ್ಮಾನಿಸಿದಳು. ಆಗ ಎಲ್ಲರೂ ನಂಬಿದರು! ಆದರೆ ಕುಂಟುವವರು ಗೋಲ್ ಕಾಯುವ ಹಾಗಿಲ್ಲವಲ್ಲ. ಆವತ್ತಿನಿಂದ ಅವಳು ಬೆಂಚಿನ ಮೇಲೆ ಕೂತು ಬೇರೆಯವರ ಆಟ ನೋಡುತ್ತಿದ್ದಳು. ನಾಳೆ ಸಂಜೆ ಟೀಮ್ ಸೆಲೆಕ್ಷನ್. ಅದೂ ಕೈತಪ್ಪುವ ಹಾಗಿತ್ತು, ಈಗ ರೇಡಿಯೋ ಕೂಡ ಹೋದಳು.

ಅಮ್ಮನ ಜೆರಾಕ್ಸ್ ಅಂಗಡಿಗೆ ಬಂದಾಗ ಅಮ್ಮ ಮಷೀನಿಗೆ ಪೇಪರ್ ತುಂಬುತ್ತಿದ್ದಳು.

“ಯಾಕೆ, ಮುಖ ಇಂಗು ತಿಂದ ಮಂಗನ ಹಾಗಿದೆ?”

ಕಡ್ಡಿ ಎಲ್ಲವನ್ನೂ ಹೇಳಿದಳು. ಯಾವ ಕಾಲು ಅಂತ ಮರೆತುಹೋದದ್ದು ಕೇಳಿ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಮಗಳ ಕಣ್ಣಲ್ಲಿ ನೀರು ಕಂಡ ಮೇಲೆ ಮಷೀನ್ ಆಫ್ ಮಾಡಿ ಪಕ್ಕ ಬಂದು ಕೂತಳು.

“ನಾನು ಸ್ಕೂಲಿಗೆ ಬಂದು ಹೇಳ್ಲಾ?”

“ಬೇಡಮ್ಮ. ಆಮೇಲೆ ಅಮ್ಮನ ಬಾಲ ಅಂತಾರೆ.”

“ಸರಿ ಬಿಡು. ಆದ್ರೆ ಪಾಪ, ಆ ಬಲಗಾಲು ಏನು ತಪ್ಪು ಮಾಡಿತ್ತು? ಅದನ್ಯಾಕೆ ಕುಂಟಿಸ್ದೆ?”

ಅಳುವಿನ ನಡುವೆಯೇ ಕಡ್ಡಿಗೆ ನಗು ಬಂತು.

ಮರುದಿನ ಬೆಳಗ್ಗೆ ಮಂಡಿ ಎಂದಿನಂತೆ ಮೊಂಡು ಹಿಡಿದಿತ್ತು. ಬಿಸಿನೀರಿನ ಚೀಲ ಇಟ್ಟರೂ, ವ್ಯಾಯಾಮ ಮಾಡಿದರೂ ಪೂರ್ತಿ ಬಗ್ಗಲಿಲ್ಲ. ಸ್ಕೂಲಿನ ಗೇಟ್ ಹತ್ತಿರ ರೇಡಿಯೋ ಇರಲಿಲ್ಲ. ಕಡ್ಡಿ ಬ್ಯಾಗ್ ಹೊತ್ತು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತತೊಡಗಿದಳು. ಅರ್ಧ ಹತ್ತುವಷ್ಟರಲ್ಲಿ ಬೆಲ್ ಹೊಡೆಯಿತು.

ಮೇಲಿನಿಂದ ರೇಡಿಯೋ ತಲೆ ಇಣುಕಿತು. “ಇದೂ ನಾಟಕನಾ?”

“ಇಲ್ಲ. ಬೆಳಗ್ಗೆದು ನಿಜ. ಸಂಜೆದು ಸುಳ್ಳು.”

“ಯಾಕೇ ಸುಳ್ಳು ಹೇಳ್ದೆ?”

“ನಿಜ ಹೇಳಿದಾಗ ಯಾರೂ ನಂಬ್ಲಿಲ್ಲ. ಸುಳ್ಳು ಹೇಳಿದ್ರೆ ನಂಬಿದ್ರು.”

ರೇಡಿಯೋ ದನಿ ಇಳಿಸಿದಳು. ಅಂಥದ್ದು ನಡೆಯುವುದೇ ಅಪರೂಪ. “ನಾನು ನಂಬಿದ್ನಲ್ಲೇ,” ಅಂದಳು.

ಹೌದು, ಹೋದ ವಾರ ಯಾರೂ ನಂಬದಿದ್ದ ದಿನವೂ ರೇಡಿಯೋ ಕಡ್ಡಿಯ ಬ್ಯಾಗ್ ಎತ್ತಿಕೊಂಡಿದ್ದಳು. ನಂಬದವರ ಚಿಂತೆಯಲ್ಲಿ ನಂಬಿದ ಇವಳೊಬ್ಬಳು ಕಡ್ಡಿಗೆ ಮರೆತೇಹೋಗಿದ್ದಳು.

“ತಪ್ಪಾಯ್ತು ಕಣೇ.”

ರೇಡಿಯೋ ದಡದಡ ಇಳಿದು ಬಂದಳು. “ಕೊಡು ಇಲ್ಲಿ ಬ್ಯಾಗು. ಮಿಸ್ ಬೈದ್ರೆ ಇಬ್ರಿಗೂ ಬೈಲಿ.”

ಸಂಜೆ ಪೀಟಿ ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಕಡ್ಡಿಯನ್ನು ಕಂಡು ಹುಬ್ಬೇರಿಸಿದರು. “ಏನಮ್ಮ, ಬೆಂಚು ಬಿಟ್ಟು ಎದ್ದು ಬಂದ್ಯಾ? ಕಾಲು ಹೇಗಿದೆ?”

ಎಲ್ಲರೂ ಅವಳನ್ನೇ ನೋಡಿದರು, ಜುಟ್ಟಿನ ಹುಡುಗಿ ಕೂಡ. ಪೂರ್ತಿ ವಾಸಿಯಾಯ್ತು ಸರ್ ಅಂದುಬಿಡುವುದು ಸುಲಭ. ನಿಜ ಹೇಳಿದರೆ ಟೀಮಿಗೆ ತೆಗೆದುಕೊಳ್ಳದೆಯೂ ಇರಬಹುದು.

“ಈಗ ಚೆನ್ನಾಗಿದೆ ಸರ್. ನಾಳೆ ಬೆಳಗ್ಗೆ ಇರಲ್ಲ.”

“ಅದೇನು, ಮುಂಚೆನೇ ಹೇಳ್ತಿದೀಯ?”

“ದಿನಾ ಹಾಗೇ ಸರ್. ಬೆಳಗ್ಗೆ ಬಿಗಿಯುತ್ತೆ, ಆಮೇಲೆ ಸರಿಹೋಗುತ್ತೆ. ಡಾಕ್ಟರು ಆಡು ಅಂತಾನೇ ಹೇಳಿದಾರೆ.”

ಸರ್ ವಿಸಿಲ್‌ನಿಂದ ಗಲ್ಲ ಕೆರೆದುಕೊಂಡರು. “ಹಾಗಾದ್ರೆ ಬೆಳಗ್ಗೆ ಮ್ಯಾಚಿಗೆ ನೀನು ಆಗಲ್ಲ.”

“ಆಗಲ್ಲ ಸರ್.”

“ಈಗ ಸಂಜೆ ತಾನೇ? ಹೋಗು, ಗೋಲಿಗೆ ನಿಂತ್ಕೊ. ನೋಡೋಣ.”

ಮೊದಲ ಚೆಂಡು ಒಳಗೆ ಹೋಯಿತು. ಇಷ್ಟು ದಿನ ಬೆಂಚಿನ ಮೇಲೆ ಕೂತಿದ್ದರ ಫಲ. ಆಮೇಲಿನ ಚೆಂಡಿಗೆ ಕಡ್ಡಿ ಸರಿಯಾಗಿ ಹಾರಿದಳು. ಅದರ ಮೇಲಿನದ್ದೂ ಕೈಗೆ ಬಂತು. ರೇಡಿಯೋ ಗೆರೆಯಾಚೆ ನಿಂತು, ಯಾರೂ ಕೇಳದಿದ್ದರೂ, ಕಾಮೆಂಟರಿ ಶುರುಮಾಡಿದಳು.

“ಸಂಜೆ ಮ್ಯಾಚಿಗೆ ಕಡ್ಡಿ. ಬೆಳಗ್ಗೆ ಮ್ಯಾಚಿಗೆ ಬೇರೆಯವರು,” ಅಂದರು ಸರ್. ಸಿಕ್ಕಿದ್ದು ಅರ್ಧ ಟೀಮು. ಬೆಳಗಿನ ಅರ್ಧಕ್ಕಾಗಿ ಅವಳಿಗೆ ಬೇಜಾರಾಯಿತು, ಸಂಜೆಯದಕ್ಕೆ ಕುಣಿಯುವಷ್ಟು ಖುಷಿಯೂ ಆಯಿತು.

ಜುಟ್ಟಿನ ಹುಡುಗಿ ಹತ್ತಿರ ಬಂದಳು. “ನಾಳೆ ಬೆಳಗ್ಗೆ ಮತ್ತೆ ಕುಂಟ್ತೀಯಾ?”

ಆ ಮಾತು ಚುಚ್ಚುತ್ತದೆ ಅಂತ ಕಡ್ಡಿ ಕಾದಳು. ಚುಚ್ಚಲಿಲ್ಲ.

“ಹೂಂ, ಕುಂಟ್ತೀನಿ,” ಅಂದಳು. ದೂರ ಉರುಳಿದ್ದ ಚೆಂಡು ತರಲು ಓಡಿದಳು. ಹಿಂದೆ ಯಾರು ನೋಡುತ್ತಿದ್ದಾರೆ ಅಂತ ತಿರುಗಿ ನೋಡಬೇಕು ಅಂತ ಅವಳಿಗೆ ಅನಿಸಲಿಲ್ಲ.